ಭಾನುವಾರದ ಕೋಳಿ ಪುಲುಸು

ಸಿಂಧನೂರಿನಲ್ಲಿ ಮೆಸ್ ಇಟ್ಟಿದ್ದ ಆಂಧ್ರದವನೊಬ್ಬನ ಹತ್ತಿರ ನಾನು ರೊಟ್ಟಿ ಬಡಿಯುತ್ತಿದ್ದೆ. ವಾರವೆಲ್ಲ ಅವನು ತಣ್ಣಗೇ ಇರುತ್ತಿದ್ದ. ಭಾನುವಾರ ಮಾತ್ರ ಅವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಂದು ತನ್ನೂರಿನಂತೆ ಉದ್ದಿನ ವಡೆ, ನಾಟಿಕೋಳಿಯ ಪುಲುಸು ಎಂಬ ಹುಳಿಸಾರು ಮಾಡಿ, ಸೌಟು ಹಿಡಿದೇ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದ. ಉಣ್ಣುವವರನ್ನೆಲ್ಲ, “ನಮ್ಮೂರ ರುಚಿ ಬಂದೈತೇನ್ರೀ?” ಎಂದು ಕೇಳುತ್ತಿದ್ದ. ಇಲ್ಲಿಯವರು ಅವನ ಊರನ್ನು ಎಲ್ಲಿ ಕಂಡಿದ್ದರು? ಸುಮ್ಮನೆ ತಲೆಯಾಡಿಸಿ ನನ್ನ ರೊಟ್ಟಿ ಕೇಳುತ್ತಿದ್ದರು. ಪುಲುಸು ಉಳಿಯುತ್ತಿತ್ತು. “ಈ ಊರಾಗ ಇದು ಯಾರಿಗಿ ಬೇಕು? ಬಿಟ್ಟುಬಿಡು,” ಎಂದು ಅವನ ಹೆಂಡತಿ ಬೈಯುತ್ತಿದ್ದಳು.

ಒಮ್ಮೆ ಅವನ ಊರ ಕಡೆಯ ಲಾರಿ ಡ್ರೈವರೇ ಬಂದ. ಇವನು ಬಡಿಸಿ ಎದುರಿಗೇ ನಿಂತ. ಡ್ರೈವರ್ ಒಂದು ತುತ್ತು ತಿಂದು, “ನಮ್ಮಮ್ಮ ಮಾಡಿದಂಗ ಐತಿ,” ಎಂದ. ಇವನ ಮುಖ ಅರಳುವಷ್ಟರಲ್ಲಿ ತಟ್ಟೆ ಸರಿಸಿ, “ಇದನ್ನ ನಿನ್ನೆ ಮನ್ಯಾಗ ತಿಂದು ಬಂದೀನಿ. ಜೋಳದ ರೊಟ್ಟಿ ಕೊಡು,” ಎಂದ.

ನಾನು ನಕ್ಕೆ. ಇವನು ನಗಲಿಲ್ಲ.

ಮುಂದಿನ ಭಾನುವಾರ ಮತ್ತೆ ಕೋಳಿ ಕೊಯ್ದ. “ಯಾರಿಗಿ ಮಾಡಾಕತ್ತೀಯೋ? ಬೇಕಂದ್ರ ನೀನ ಕುಂತು ತಿನ್ನು,” ಎಂದೆ. ಅವತ್ತೇ ಮೊದಲು, ತನಗೂ ಬಡಿಸಿಕೊಂಡು ಕುಳಿತ. ಎರಡು ತುತ್ತು ಉಂಡಿರಲಿಲ್ಲ, ಹೊರಗೆ ಲಾರಿ ನಿಂತ ಸದ್ದಾಯಿತು. ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಹೋದ.