ಇಲ್ಲೆ ಎಂದರೆ ಎಲ್ಲಿ

ವಿಜಯಪುರದಿಂದ ಕಾರ್ಗಲ್‌ಗೆ ಬಂದ ಮೇಲೆ ನಮ್ಮ ಮೂರು ವರ್ಷದ ಮಗಳು ಹೊಸ್ತಿಲು ದಾಟಿದೊಡನೆ ಬಾಯಿ ಮುಚ್ಚಿಕೊಳ್ಳತೊಡಗಿದಳು. ಮನೆಯೊಳಗೆ ಮಾತಿನ ಮಲ್ಲಿ. ಹೊರಗೆ ಯಾರಾದರೂ ಹೆಸರು ಕೇಳಿದರೆ ನನ್ನ ಕಾಲಿಗೆ ಮುಖ ಒತ್ತಿ ನಿಂತುಬಿಡುವಳು. ಕೂಗಿದರೆ ಓಗೊಡಳು. ಗಂಡನಿಗೆ ವಿದ್ಯುತ್ ಯೋಜನೆಯಲ್ಲಿ ಕೆಲಸ ಸಿಕ್ಕಿ ನಾವು ಕ್ವಾರ್ಟರ್ಸಿಗೆ ಬಂದು ಆಗ ಒಂದೂವರೆ ತಿಂಗಳಾಗಿತ್ತು.

ಊರಿನಿಂದ ಅವ್ವ ವಿಡಿಯೋ ಕಾಲ್ ಮಾಡಿ ತೀರ್ಪು ಕೊಟ್ಟಳು. "ಹುಡುಗಿ ಅಂಜ್ಯಾಳ. ಒಂದು ತಾಯತ ಕಟ್ಟಸು, ಮಾತಾಡ್ತಾಳ."

"ಹಂಗಾದ್ರ ಮೊದಲು ನಿನ್ನ ಅಳಿಯಗ ಕಟ್ಟಬೇಕವ್ವಾ," ಎಂದೆ. ಪಕ್ಕದಲ್ಲೇ ಕೂತಿದ್ದ ಅಳಿಯ ಅದಕ್ಕೂ ಮಾತಾಡಲಿಲ್ಲ.

ಸಾಗರದ ಮಕ್ಕಳ ಡಾಕ್ಟರು ಕಿವಿ, ಗಂಟಲು ನೋಡಿ, ಏನೂ ತೊಂದರೆಯಿಲ್ಲ, ಸ್ವಲ್ಪ ಸಮಯ ಕೊಡಿ ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ. ನಕ್ಕು ಮುಂದಿನವರನ್ನು ಕರೆದರು. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳಿಗೆ ಗಡುವಿಲ್ಲದ ಮಾತು ಮಾತೇ ಅಲ್ಲ. ಹಾಗಾಗಿ ನಾನೇ ಗಡುವು ಇಟ್ಟೆ. ದೀಪಾವಳಿಯೊಳಗೆ ಮಗಳು ಹೊರಗಿನ ಒಬ್ಬರೊಡನೆಯಾದರೂ ಮಾತಾಡದಿದ್ದರೆ ಗಂಡ ವರ್ಗಾವಣೆಗೆ ಅರ್ಜಿ ಹಾಕಬೇಕು, ಅದು ಸಿಗುವ ತನಕ ನಾನು ಅವಳನ್ನು ಕರೆದುಕೊಂಡು ವಿಜಯಪುರದಲ್ಲಿರುತ್ತೇನೆ. ಅವನಿಗೆ ಈ ಕೆಲಸ ತುಂಬ ಹಿಡಿಸಿತ್ತು. ಆದರೂ ತಲೆಯಾಡಿಸಿದ. ಎದುರು ವಾದವೇ ಇಲ್ಲದೆ ಗೆದ್ದದ್ದು ನನಗೆ ಅಷ್ಟು ರುಚಿಸಲಿಲ್ಲ.

ಪಕ್ಕದ ಮನೆಯಾಕೆ ಸಾಗರದ ಹತ್ತಿರದ ಅಡಿಕೆ ಬೆಳೆಗಾರರ ಮನೆತನದವರು. ಮೊದಲ ವಾರ ನಮ್ಮೊಡನೆ ಶಾಲೆಯ ಕನ್ನಡ ಮಾತಾಡಿದರು. ಎರಡನೇ ವಾರಕ್ಕೆ ಆ ಶ್ರಮ ಬಿಟ್ಟು ಮನೆಮಾತಿಗೆ ಇಳಿದರು. ಆ ಕನ್ನಡ ನನಗೆ ಅರ್ಧಕ್ಕರ್ಧ ಹೊಸದು: 'ನಾವು' ಅವರಿಗೆ 'ಎಂಗೊ', 'ಎಂದು' ಅವರಿಗೆ 'ಹೇಳಿ', 'ಬಂದಿದ್ದೇನೆ' ಅವರಿಗೆ 'ಬಂದಿದ್ದಿ'. ಹೆಣ್ಣುಮಗು ಅವರಿಗೆ ಕೂಸು. ಅದು ಸರಿ. ಆದರೆ ನನ್ನನ್ನೂ 'ಅದು' ಎಂದರು. ಆಕ್ಷೇಪ ಎತ್ತಿದೆ.

"ಎಂಗೊ ಹೆಂಗಸರಿಗೆಲ್ಲ ಅದು ಹೇಳಿಯೇ ಹೇಳದು. ಅತ್ತೆಗೂ ಅದೇ."

"ಅತ್ತೆಯವ್ರು ನಿಮಗೇನಂತಾರ?"

"ಅದು ಎಂತೆಂತದೋ ಹೇಳ್ತು, ಬಿಡು."

ಒಂದು ಭಾನುವಾರ ಬೆಳಿಗ್ಗೆ ಗಂಡ ಶಿಫ್ಟಿಗೆ ಹೋಗಿದ್ದ. ರೊಟ್ಟಿಗೆ ಹಿಟ್ಟು ನಾದುತ್ತಿದ್ದವಳಿಗೆ ಮಗಳ ಸದ್ದಿಲ್ಲವೆಂಬುದು ಗಮನಕ್ಕೆ ಬಂತು. ಹಿತ್ತಿಲ ಬಾಗಿಲಿಂದ ಕೂಗಿ ಕೇಳಿದೆ, "ಅಕ್ಕಾರ, ನಮ್ಮ ಹುಡುಗಿ ನಿಮ್ಮನ್ಯಾಗ ಅದಾಳೇನ್ರಿ?"

ಮಿಕ್ಸಿಯ ಸದ್ದಿನ ನಡುವೆ ಉತ್ತರ ಬಂತು. "ಇಲ್ಲೆ."

ನಿಶ್ಚಿಂತೆಯಿಂದ ಒಳಗೆ ಬಂದು ರೊಟ್ಟಿ ಬಡಿಯತೊಡಗಿದೆ. ನಾಲ್ಕನೆಯ ರೊಟ್ಟಿ ಬೇಯುವಾಗ ಆಕೆ ಬಟ್ಟಲು ಹಿಡಿದು ಬಂದರು.

"ಕೂಸು ಎಲ್ಲಿದ್ದು? ಅದಕ್ಕೆ ತಂಬ್ಳಿ ತಂದಿದ್ದಿ."

"ನಿಮ್ಮನ್ಯಾಗ ಅದಾಳಲ್ರಿ?"

"ಎಂಗಳ ಮನೇಲಾ? ಇಲ್ಲೆ."

"ಹೌದ್ರಿ, ಇಲ್ಲೇ ಅಂತ ನೀವ ಅಂದ್ರಿ."

"ಹೌದೇ ಮಾರಾಯ್ತಿ, ಇಲ್ಲೆ ಹೇಳಿಯೇ ಹೇಳಿದ್ದಿ."

ನನ್ನ ಒಂದು ಅಕ್ಷರವನ್ನೂ ಅಲ್ಲಗಳೆಯದೆ ನನ್ನನ್ನು ಸೋಲಿಸಿದ ಎದುರಾಳಿ ಅದಕ್ಕೆ ಮೊದಲು ನನಗೆ ಸಿಕ್ಕಿರಲಿಲ್ಲ. ಅವರಿಗೇ ಮೊದಲು ಹೊಳೆಯಿತು. ಬಟ್ಟಲನ್ನು ಕೆಳಗಿಟ್ಟು, ಶಾಲೆಯ ಕನ್ನಡಕ್ಕೆ ಮರಳಿ, "ಇಲ್ಲ, ಇಲ್ಲ. ನಮ್ಮಲ್ಲಿ ಇಲ್ಲೆ ಅಂದ್ರೆ ಇಲ್ಲ," ಎಂದರು. ಕೊನೆಯ ದೀರ್ಘವನ್ನು ನನ್ನ ಕಿವಿಯೇ ಸೇರಿಸಿಕೊಂಡಿತ್ತು.

ಮುಂದಿನ ಗೇಟು ತೆರೆದಿತ್ತು. ಅದರಾಚೆ ಬಸ್ಸು ಓಡಾಡುವ ರಸ್ತೆ. ಹಿಟ್ಟಿನ ಕೈಯಲ್ಲೇ ಓಡಿದೆ, ಹೆಸರು ಹಿಡಿದು ಕೂಗಿದೆ. ಆದರೆ ಕೂಗಿದರೆ ಓಗೊಡದ ಮಗುವನ್ನು ಕೂಗಿ ಹುಡುಕುವುದೆಂತು? ರಸ್ತೆ ಖಾಲಿಯಿತ್ತು; ಅದರಿಂದ ಧೈರ್ಯ ಬರಬೇಕೋ ಭಯವಾಗಬೇಕೋ ತಿಳಿಯಲಿಲ್ಲ. ಆಕೆ ಹಿತ್ತಿಲುಗಳ ಸಾಲಿನಲ್ಲಿ ಹೋಗುತ್ತ ಕರೆಯುತ್ತಿದ್ದುದು ಕೇಳುತ್ತಿತ್ತು. "ಕೂಸೇ, ಎಲ್ಲಿದ್ದೆ?"

ಮೂರನೇ ಮನೆಯ ಹಿಂದೆ, ಬೋರಲು ಹಾಕಿದ ಡ್ರಮ್ಮಿನ ಮರೆಯಿಂದ ಸಣ್ಣ ದನಿ ಬಂತು.

"ಇಲ್ಲೆ."

ನಾನು ತಲುಪುವಷ್ಟರಲ್ಲಿ ಆಕೆ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ನೂರು ಕಾಲಿನ ಹುಳವೊಂದು ಬಿಚ್ಚಿಕೊಳ್ಳುವುದನ್ನು ಮಗಳು ಕಾಯುತ್ತಿದ್ದಳು. ನಾನು ಅವಳನ್ನು ಬಾಚಿ ಎತ್ತಿಕೊಂಡೆ. ಮಗಳ ಬೆನ್ನೆಲ್ಲ ಹಿಟ್ಟಾಯಿತು.

"ಎಂಗಳ ಮಾತು ಕಲ್ತಿದ್ದು," ಎಂದರು ಆಕೆ.

ಆಗಲೂ ನನ್ನ ಬಾಯಿ ನಿಲ್ಲಲಿಲ್ಲ. "ನಮ್ಮ ಮಾತ್ರೀ ಅದು. ಇಲ್ಲೇ ಅದೀನಿ ಅಂದಾಳ."

"ಅಡಗಿ ಕೂತದ್ದು ಇಲ್ಲೆ ಹೇಳದೆ ಮತ್ತೆಂತ ಹೇಳ್ತು?"

ಒಲೆಯ ಮೇಲೆ ಬಿಟ್ಟು ಬಂದ ರೊಟ್ಟಿ ನೆನಪಾಗಿ, ಮಗಳನ್ನು ಎತ್ತಿಕೊಂಡೇ ಮನೆಯತ್ತ ಓಡಿದೆ.

ಸಂಜೆ ಗಂಡ ಸುದ್ದಿ ಕೇಳಿ ಮೊದಲು ಬೆಚ್ಚಿದ, ಆಮೇಲೆ ಅರಳಿದ. "ಹಂಗಾರ ಅರ್ಜಿ ಬ್ಯಾಡಲ್ಲ?"

ಒಂದು ಪದ ಪುರಾವೆಯಾಗದು ಎಂದೆ. ಅವಳು ಅದನ್ನು ಹುಳಕ್ಕೆ ಹೇಳಿರಬಹುದು. ನಾಲ್ಕು ದಿನ ಕಾದು ನೋಡಿದೆ. ಗುರುವಾರ ಮಧ್ಯಾಹ್ನ ಬಟ್ಟೆ ತೆಗೆಯಲು ಹೋದಾಗ ಪಕ್ಕದ ಜಗಲಿಯಿಂದ ಮಗಳ ದನಿ ಕೇಳಿ, ಬಟ್ಟೆಯ ಮರೆಯಲ್ಲೇ ನಿಂತೆ.

"ಊರಾಗ ನಾವು ಮಾಳಿಗಿ ಮ್ಯಾಲ ಮಲಕೋತೀವಿ."

"ಎಂತ?"

"ಮಾಳಿಗಿ."

"ಹಾಂಗಂದ್ರೆ ಎಂತದು?"

"ಮನಿ ಮ್ಯಾಲ. ಚುಕ್ಕಿ ಕಾಣ್ತಾವ."

"ಮಾಡಿನ ಮೇಲೆ? ಹೆಂಚಿನ ಮೇಲೆ? ಜಾರದಿಲ್ಯಾ?"

ಮಗಳು ಕಿಸಕ್ಕನೆ ನಕ್ಕಳು. ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ನಗು. "ಜಾರಂಗಿಲ್ಲ. ಸಪಾಟ ಇರ್ತೈತಿ." ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದಳು.

ಆಕೆಗೆ ನಿಜಕ್ಕೂ ತಿಳಿದಿರಲಿಲ್ಲವೋ, ಬೇಕೆಂದೇ ಕೆದಕುತ್ತಿದ್ದರೋ, ನಾನರಿಯೆ. ನಮ್ಮ ಮನೆಯಲ್ಲಿ ಮಾಳಿಗೆ ಏನೆಂದು ಅವಳನ್ನು ಯಾರು ಕೇಳಬೇಕು? ಹೊರಗಿನವರು ಹೆಸರು ಕೇಳಿದಾಗಲೆಲ್ಲ, ಅವಳು ಮುಖ ಎತ್ತುವ ಮೊದಲೇ ಉತ್ತರ ಕೊಟ್ಟವಳು ನಾನು. ಇದನ್ನು ಅವ್ವನಿಗೆ ಹೇಳಿಲ್ಲ.

ಆ ಸಂಜೆ ಗಂಡನಿಗೆ ಹೇಳಿದೆ, "ಅರ್ಜಿ ಈ ವರ್ಷ ಬ್ಯಾಡ."

"ಅಂದ್ರ ನೀ ಸೋತಿ."

"ಸೋತಿಲ್ಲ. ಮುಂದೂಡೀನಿ."

ಅವನು ಮಗಳನ್ನು ಊಟಕ್ಕೆ ಕರೆತರಲು ಪಕ್ಕದ ಮನೆಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಇಣುಕಿದರೆ, ಮಾಳಿಗೆಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಮಗಳು ಅಪ್ಪನನ್ನು ಸಾಕ್ಷಿಗೆ ಕೂರಿಸಿಕೊಂಡಿದ್ದಳು. ಅವನೂ ಕೈ ಆಡಿಸುತ್ತ ಮಾತಾಡುತ್ತಿದ್ದ.