ಸದ್ದಿಲ್ಲದೆ ಒಡೆಯಬೇಕಾದ ಕಾಯಿ

ಗೆಳೆಯರೇ, ಇವತ್ತು ಬೆಳಿಗ್ಗೆ ಗುಡ್ಡದ ಮೇಲಿನ ದೇವಸ್ಥಾನದ ಪೂಜಾರಿ ನನ್ನ ತೆಂಗಿನಕಾಯಿಯನ್ನು ಒಡೆಯದೆ, ಕೆಂಪು ಬಟ್ಟೆ ಸುತ್ತಿ ವಾಪಸ್ ಕೊಟ್ಟರು.

"ಬೇಟಿ, ಇಲ್ಲಿ ಕಾಯಿ ಒಡೆಯೋದಿಲ್ಲ. ಮನೇಲಿಟ್ಟು ಪೂಜೆ ಮಾಡು," ಎಂದರು ಹಿಂದಿಯಲ್ಲಿ.

ಅಮ್ಮನಿಗೆ ಒಂದು ಕಣ್ಣು ಮೊದಲೇ ಹೋಗಿದೆ. ಇನ್ನೊಂದಕ್ಕೆ ಆಪರೇಷನ್ ಆಗಿ, ನಾಳೆ ಪಟ್ಟಿ ಬಿಚ್ಚುತ್ತಾರೆ. ಅಷ್ಟರೊಳಗೆ ಕಾಯಿ ಒಡೆಸಬೇಕೆಂಬುದು ಅವಳ ಹರಕೆ. ಆಟೋದ ಆಸೆ ಬಿಟ್ಟು, ನಾವಿರುವ ರೋಹಿಣಿ ಬಡಾವಣೆಯಿಂದ ಎರಡು ಬಸ್ ಬದಲಿಸಿ ಬಂದಿದ್ದೆ. ಯಾರೊಂದಿಗೂ ವಾದ ಮಾಡದ ನಾನು ಅಲ್ಲಿಂದ ಕದಲಲಿಲ್ಲ.

"ಪಂಡಿತ್‌ಜೀ, ಇಡೀ ಕಾಯಿ ಒಯ್ದರೆ ಅಮ್ಮ ಮುಟ್ಟಿಯೇ ಕಂಡುಹಿಡೀತಾಳೆ. ತುಂಬಾ ಹೆದರ್ತಾಳೆ."

ಅವರು ಗುಡಿಯ ಹಿಂಬದಿಗೆ ಕೈ ತೋರಿಸಿದರು. "ಅಚ್ಛಾ. ಹಿಂದೆ ಅರಳಿಮರದ ಹತ್ತಿರ ಕಲ್ಲಿದೆ. ಸದ್ದಾಗದ ಹಾಗೆ ಒಡಿ."

ಸದ್ದಾಗದ ಹಾಗೆ ತೆಂಗಿನಕಾಯಿ ಒಡೆಯುವುದು ನಿಮಗಾದರೂ ಗೊತ್ತಿದ್ದರೆ ಹೇಳಿ. ಕಾಯಿ ಠಪ್ ಎಂದದ್ದೇ, ಅರಳಿಮರದ ಕೆಳಗೆ ಧ್ಯಾನಕ್ಕೆ ಕುಳಿತಿದ್ದವರೆಲ್ಲ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ಮನೆಗೆ ಬಂದು ಹೋಳುಗಳನ್ನು ಅಮ್ಮನ ಕೈಗಿಟ್ಟೆ. ಕಣ್ಣಿಗೊತ್ತಿಕೊಳ್ಳಲು ಹೋದವಳು ಪಟ್ಟಿ ನೆನಪಾಗಿ ಹಣೆಗೆ ಒತ್ತಿಕೊಂಡಳು. ಆಮೇಲೆ ಬೆರಳಿನಿಂದ ಅಂಚು ಸವರಿ, "ಸೊಟ್ಟಗೆ ಒಡೆದಿದ್ದಾರಲ್ಲೇ ನಿನ್ನ ಪಂಡಿತರು!" ಎಂದಳು.

ತಪ್ಪನ್ನು ಪಂಡಿತರ ತಲೆಗೇ ಬಿಟ್ಟು, ನಾನು ಕಾಯಿ ತುರಿಯಲು ಕುಳಿತೆ.