ವಿಮಾನದ ಹೊಟ್ಟೆಯ ಮೇಲಿನ ಚುಕ್ಕೆ

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಆಕಾಶರಾಯ ಮೊದಲು ಮಾಡುವ ಕೆಲಸ ಕ್ಯಾಮೆರಾದೊಳಗೆ ಗಾಳಿ ಊದುವುದು. ಲೆನ್ಸು ಕಳಚಿ, ಕ್ಯಾಮೆರಾವನ್ನು ಬೋರಲು ಹಿಡಿದು, ರಬ್ಬರಿನ ಪುಟ್ಟ ಬುರುಡೆಯನ್ನು ಅಂಗೈಯಲ್ಲಿ ಅಮುಕಿ ಪುಸ್ ಪುಸ್ ಎಂದು ಧೂಳು ಹಾರಿಸುತ್ತಾನೆ. ಜ್ವರ ಬಂದು ಮಲಗಿದ ದಿನವೂ ಇದು ತಪ್ಪಿದ್ದಿಲ್ಲ. ಕೆಲವರಿಗೆ ದೇವರಿಗೆ ಕೈಮುಗಿಯದೆ ಗಂಟಲಲ್ಲಿ ನೀರು ಇಳಿಯುವುದಿಲ್ಲವಲ್ಲ, ಹಾಗೆ.

ಆಕಾಶರಾಯ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಅವನು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ದಿನವಿಡೀ ಪರರ ಕಣ್ಣೆದುರಿನ ಕಲೆ ಒರೆಸಿ ಒರೆಸಿ, ಎಲ್ಲಿ ಕಲೆ ಕಂಡರೂ ಅವನ ಕೈ ಸುಮ್ಮನಿರದು. ಕೈಗೆ ಸಿಕ್ಕರೆ ಚಂದ್ರನನ್ನೂ ಉಜ್ಜಿ ಬಿಳಿ ತಟ್ಟೆ ಮಾಡಿಟ್ಟಾನು ಎಂದು ಅಕ್ಕ ನಗುತ್ತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ವಿಮಾನದ ಹುಚ್ಚು ಹಿಡಿಸಿದವನು ಮಾತ್ರ ಅವಳ ಗಂಡ. ಭಾವ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಗಾಡಿಯ ಚಾಲಕ. ಹುಡುಗನನ್ನು ಬೇಲಿಯ ಬಳಿ ಹೆಗಲ ಮೇಲೆ ಕೂರಿಸಿಕೊಂಡು, ಬಾಲದ ಬಣ್ಣ ನೋಡಿ ಯಾವುದು ಯಾರ ವಿಮಾನವೆಂದು ಹೇಳಿಕೊಟ್ಟವನು ಅವನೇ.

ಈಗ ಆಕಾಶರಾಯ ರಜೆಯ ಬೆಳಗುಗಳನ್ನು ವಿಮಾನ ನೋಡುವವರ ಸಂಘದ ಜೊತೆ ಕಳೆಯುತ್ತಾನೆ. ವಿಮಾನ ಇಳಿಯುವ ಓಟದ ಹಾದಿಯ ಪಕ್ಕದ ದಿಬ್ಬದ ಮೇಲೆ ನಿಂತು ಫೋಟೋ ತೆಗೆಯಲು ನಿಲ್ದಾಣದವರು ಸಂಘಕ್ಕೆ ಅನುಮತಿ ಕೊಟ್ಟಿದ್ದರು. ಅದಕ್ಕೆ ಒಂದೇ ಕಟ್ಟಳೆ: ಚಿತ್ರದಲ್ಲಿ ಆಕಾಶವನ್ನು ಏನು ಬೇಕಾದರೂ ತಿದ್ದಿಕೊಳ್ಳಿ, ವಿಮಾನದ ಮೈ ಮುಟ್ಟಬೇಡಿ. ಮುಟ್ಟಿದವನಿಗೆ ದಿಬ್ಬ ಮತ್ತೆ ಸಿಗದು.

ಮೋಡವಿಲ್ಲದ ಒಂದು ಬೆಳಗ್ಗೆ ಹೊಸ ಬಣ್ಣ ಬಳಿಸಿಕೊಂಡ ವಿಮಾನವೊಂದು ಇಳಿಯಿತು. ಮದುವಣಗಿತ್ತಿಯಂತೆ ಇತ್ತು. ಆಕಾಶರಾಯ ಮನೆಗೆ ಬಂದು ಆ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ, ಹೊಟ್ಟೆಯ ಸಾಮಾನಿನ ಬಾಗಿಲ ಪಕ್ಕ ಸಾಸಿವೆಯಷ್ಟು ಕಪ್ಪು ಚುಕ್ಕೆ. ಕ್ಯಾಮೆರಾದೊಳಗಿನ ಧೂಳಿರಬೇಕೆಂದುಕೊಂಡು ಒರೆಸಿದ. ಧೂಳು ತೆಗೆದರೆ ವಿಮಾನ ಮುಟ್ಟಿದಂತೆ ಆಗುವುದಿಲ್ಲ ಎಂಬುದು ಅವನ ಲೆಕ್ಕ. ಒಗೆದ ಬಟ್ಟೆ ಇರುವಾಗ ಕೊಳೆಬಟ್ಟೆ ಯಾಕೆಂದು, ಎಂದಿನಂತೆ ಮೂಲ ಚಿತ್ರವನ್ನು ಅಳಿಸಿಹಾಕಿದ. ಶುಭ್ರವಾದದ್ದನ್ನು ಸಂಘದ ಅಂತರ್ಜಾಲ ಪುಟ ನೋಡಿಕೊಳ್ಳುವ ಹಿರಿಯ ಮೇಷ್ಟ್ರಿಗೆ ಕಳಿಸಿದ, ಅವರು ಅದನ್ನು ಪುಟಕ್ಕೆ ಏರಿಸಿದರು. ಎಲ್ಲರೂ ಹೊಗಳಿದರು.

ಅದೇ ವಿಮಾನಕ್ಕೆ ಆ ಮಧ್ಯಾಹ್ನ ಸಾಮಾನು ಏರಿಸಿದವನು ಭಾವ. ಅವನು ಗಾಡಿ ಹಿಂದೆ ತೆಗೆದ ಮೇಲೆ ಬಾಗಿಲ ಪಕ್ಕ ಮುಷ್ಟಿಗಾತ್ರದ ತಗ್ಗು ಇರುವುದು ಯಾರದೋ ಕಣ್ಣಿಗೆ ಬಿತ್ತು. ತಾನು ತಾಗಿಸಲಿಲ್ಲವೆಂದು ಭಾವ ಹೇಳಿದ. ವಿಚಾರಣೆಯವರು ಸಂಘದ ಪುಟ ತೆರೆದು ನೋಡಿದರು. ಇಳಿಯುವಾಗಿನ ಚಿತ್ರದಲ್ಲಿ ತಗ್ಗಿಲ್ಲ. ಇನ್ನು ಕೇಳುವುದೇನಿದೆ? ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದರು. ತಪ್ಪು ರುಜುವಾತಾದರೆ ಕೆಲಸ ಹೋದಂತೆಯೇ.

ಸುದ್ದಿ ತಿಳಿದು ಆಕಾಶರಾಯ ಅಕ್ಕನ ಮನೆಗೆ ಓಡಿದ. ಅಡುಗೆಮನೆಯ ಮಣೆಯ ಮೇಲೆ ಕೂತು ಭಾವ ಬಟಾಣಿ ಸುಲಿಯುತ್ತಿದ್ದ. ಅಂಗಳದಲ್ಲಿ ಸ್ಕೂಟರಿಗೆ ಹಳೆಯ ಹೊದಿಕೆ ಹೊದಿಸಿತ್ತು. ಆವತ್ತಿನಿಂದ ಗಂಡ ಅದನ್ನು ಮುಟ್ಟಿಲ್ಲ, ತಾನು ಬಸ್ಸಿನಲ್ಲೇ ಓಡಾಡುತ್ತಿದ್ದೇನೆ ಎಂದು ಅಕ್ಕ ದೂರಿದಳು. ಇಷ್ಟು ವರ್ಷದಲ್ಲಿ ಒಂದು ಬೆಕ್ಕಿನ ಬಾಲದ ಮೇಲೂ ಗಾಡಿ ಹತ್ತಿಸದ ಮನುಷ್ಯ, ಈಗ ತನ್ನ ಕೈಗೆ ತಾನೇ ಹೆದರುತ್ತಿದ್ದಾನೆ ಎಂದಳು.

"ಯಾರೋ ಹೊಟ್ಟೆಕಿಚ್ಚಿಗೆ ಹೇಳಿದ್ರೆ ಜಗಳ ಆಡ್ತಿದ್ದೆ" ಎಂದ ಭಾವ, ತಲೆಯೆತ್ತದೆ. "ನಿನ್ನ ಫೋಟೋ ಸುಳ್ಳು ಹೇಳುತ್ತೇನೋ? ನಾನೇ ತಾಗಿಸಿರಬೇಕು. ತಾಗಿದ್ದು ಗೊತ್ತೇ ಆಗಿಲ್ಲ, ಅದೇ ನೋಡು ಭಯ. ನಾಳೆ ರಸ್ತೇಲಿ ಯಾರ ಮಗುವಿಗಾದ್ರೂ ತಾಗಿದ್ರೆ?"

ಆಕಾಶರಾಯನಿಗೆ ತಾನು ಒರೆಸಿದ ಚುಕ್ಕೆ ನೆನಪಾಯಿತು. ಅಕ್ಕ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು.

ಮನೆಗೆ ಬಂದವನೇ ಆ ಬೆಳಗ್ಗೆ ತೆಗೆದ ಬೇರೆ ವಿಮಾನಗಳ ಚಿತ್ರಗಳನ್ನು ತೆರೆದ. ಕ್ಯಾಮೆರಾದೊಳಗೆ ಧೂಳು ಕೂತರೆ ಅದು ಒಂದು ಚಿತ್ರಕ್ಕೆ ಬಂದು ಇನ್ನೊಂದಕ್ಕೆ ಹೋಗುವ ನೆಂಟನಲ್ಲ. ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಾಣಬೇಕು. ಹಿಂದಿನ ಚಿತ್ರದ ಆ ಜಾಗದಲ್ಲಿ ಬರೀ ನೀಲಿ. ಮುಂದಿನದರಲ್ಲೂ ಅಷ್ಟೆ. ಚುಕ್ಕೆ ಕ್ಯಾಮೆರಾದ್ದಲ್ಲ, ವಿಮಾನದ್ದು. ಅದೇ ಆ ತಗ್ಗು, ವಿಮಾನ ಇಳಿಯುವಾಗಲೇ ಇತ್ತು.

ಕೂಡಲೇ ಹೇಳಿದನೆಂದರೆ ಸುಳ್ಳಾದೀತು. ಕೆಲವು ದಿನ ಅದನ್ನು ಮುಚ್ಚಿಟ್ಟುಕೊಂಡೇ ಓಡಾಡಿದ. ದಿಬ್ಬವೊಂದು ಬಿಟ್ಟರೆ ಅವನಿಗೆ ತನ್ನದೆನ್ನುವ ಜಾಗ ಬೇರೆ ಇರಲಿಲ್ಲ. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಬೈಸಿಕೊಂಡ. ಕಡೆಗೆ ದೇವರೇ ನೂಕಿದನೋ, ಭಾವನ ಬಾಗಿದ ಕತ್ತೇ ನೂಕಿತೋ, ಸಂಘದ ಹಿರಿಯ ಮೇಷ್ಟ್ರ ಮನೆಗೆ ಹೋಗಿ ಆ ಚಿತ್ರಗಳನ್ನು ತೋರಿಸಿ ಎಲ್ಲವನ್ನೂ ಹೇಳಿದ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಸದ್ದಾಯಿತು, ಇಬ್ಬರೂ ಅಭ್ಯಾಸಬಲದಿಂದ ಕಿಟಕಿಯತ್ತ ತಿರುಗಿದರು. ವಿಮಾನ ದಾಟಿದ ಮೇಲೆ ಮೇಷ್ಟ್ರು ದನಿ ತಗ್ಗಿಸಿ, "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಪುಟಕ್ಕೆ ಏರಿಸುವಾಗ ನನ್ನ ಕಂಪ್ಯೂಟರೇ ಚುಕ್ಕೆ ನುಂಗ್ತು ಅಂತ ನಾನು ತಿಳಿಸ್ತೀನಿ. ನಿಮ್ಮ ಭಾವನೂ ಉಳೀತಾರೆ, ದಿಬ್ಬದ ಮೇಲೆ ನಿನ್ನ ಜಾಗನೂ ಉಳಿಯುತ್ತೆ. ಇಷ್ಟು ವರ್ಷದ ಸ್ನೇಹಕ್ಕೆ ಇಷ್ಟೂ ಮಾಡದಿದ್ರೆ ಹೇಗೆ?" ಎಂದರು.

ಆಕಾಶರಾಯನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಆಮೇಲೆ ಬಟಾಣಿ ಸಿಪ್ಪೆಯ ನಡುವೆ ಕೂತ ಭಾವ ಕಣ್ಣಿಗೆ ಕಟ್ಟಿದ.

"ಬೇಡ ಮೇಷ್ಟ್ರೆ" ಎಂದ. "ಯಂತ್ರದ ತಪ್ಪು ಅಂದ್ರೆ, ತನ್ನ ಸಮಾಧಾನಕ್ಕೆ ಯಾರೋ ಕಥೆ ಕಟ್ಟಿದ್ರು ಅಂದ್ಕೋತಾನೆ ಭಾವ. ಕೆಲಸ ಸಿಕ್ಕಿದ್ರೂ ಗಾಡಿ ಮುಟ್ಟಲ್ಲ. ಒರೆಸಿದ್ದು ನಾನು ಅಂತ ನನ್ನ ಬಾಯಿಂದ್ಲೇ ಕೇಳ್ಬೇಕು ಅವನು. ನಿಲ್ದಾಣದವರಿಗೂ ನಾನೇ ಹೇಳ್ತೀನಿ."

"ದಿಬ್ಬ ಹೋಗುತ್ತೆ ಕಣೋ."

"ಹೋಗ್ಲಿ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಯ ದಾರಿ ಹಿಡಿದ.